ಹುಲ್ಲು ಹೋಗಿ ಹಾಸು ಬಂದಾಗ

ಪುಲಿಕೇಶಿನಗರವನ್ನು ಇಂದಿಗೂ ಫ್ರೇಜರ್ ಟೌನ್ ಎನ್ನುವವರು ನಿಮ್ಮಲ್ಲೇ ಇದ್ದೀರಿ. ಹಳೆಯದು ನಾಲಗೆಯನ್ನು ಬೇಗ ಬಿಡದು. ಕೈಯನ್ನಂತೂ ಬಿಡುವುದೇ ಇಲ್ಲ. ಹಾಕಿ ಆಟವನ್ನೇ ನೋಡಿ. 1975ರಲ್ಲಿ ಕೌಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ನಮ್ಮವರು ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನ ಕೃತಕ ಹಾಸಿನ ಮೇಲೆ ಏಳನೆಯವರಾದರು. ಹಾಸಿನ ಮೇಲೆ ಚೆಂಡು ತಡೆಯಿಲ್ಲದೆ ಓಡುತ್ತದೆ. ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಎದುರಾಳಿಗಳನ್ನು ವಂಚಿಸುವ ಕೈಚಳಕಕ್ಕಿಂತ ಕಾಲಿನ ವೇಗಕ್ಕೆ ಬೆಲೆ ಹೆಚ್ಚು. ನಮ್ಮನ್ನು ಸೋಲಿಸಲೆಂದೇ ಹಾಸಿದರೆಂದು ಗೊಣಗಿದವರುಂಟು. ನಾನು ಅದನ್ನೊಪ್ಪೆ. 1980ರಲ್ಲಿ ಮಾಸ್ಕೋದ ಚಿನ್ನವೂ ಅಂಥ ಹಾಸಿನ ಮೇಲೆಯೇ ಬಂತು; ಬಲಿಷ್ಠ ತಂಡಗಳು ಹಲವು ಅಲ್ಲಿಗೆ ಬಂದಿರಲಿಲ್ಲ, ನಿಜ. ಆದರೆ ಒಂದು ದೂರು ಮಾತ್ರ ಸಲ್ಲುವಂಥದು. ಹಾಸು ದುಬಾರಿ, ಅದಕ್ಕೆ ನೀರೂ ಬೇಕು. ಬಡಾವಣೆಯ ಮಣ್ಣಿನ ಮೈದಾನದಲ್ಲಿ ಪಳಗಿದ ಹುಡುಗ ದೊಡ್ಡ ಪಂದ್ಯಕ್ಕೆ ಹೋದಾಗ, ಬಲ್ಲ ಆಟವನ್ನೇ ಮತ್ತೆ ಮೊದಲಿನಿಂದ ಕಲಿಯಬೇಕು.