ಯರಗೇರಾದ ಮಕ್ಕಳು ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಪುರಸ್ಕಾರ ಪಡೆದ ಮಕ್ಕಳಿಗೆ ಅಭಿನಂದನೆಗಳು. ಆದರೆ ನಾನು ಈ ವೇದಿಕೆ ಏರಲಾಗದ ಮಕ್ಕಳ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75.36. ನಮ್ಮ ರಾಯಚೂರು ಜಿಲ್ಲೆಯದು ಶೇ. 59.56. ಮಹಿಳೆಯರದು ಶೇ. 48.73 ಮಾತ್ರ. ಅಂದರೆ ಯರಗೇರಾ, ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಮನೆಗಳಲ್ಲಿ ಪಾಠ ಹೇಳಿಕೊಡುವವರೇ ಇಲ್ಲ. ಅಂಥ ಮಗುವಿಗೆ ಸರ್ಕಾರಿ ಪ್ರೌಢಶಾಲೆಯೇ ಸರ್ವಸ್ವ.

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಉಡುಪಿ ಮೊದಲ ಸ್ಥಾನದಲ್ಲಿತ್ತು, ನಮ್ಮ ನೆರೆಯ ಯಾದಗಿರಿ ಕೊನೆಯಲ್ಲಿತ್ತು. ಕ್ಯಾಮೆರಾವನ್ನು ದೂರಿ ಫಲವಿಲ್ಲ. ಮುಚ್ಚಿಹೋಗಿದ್ದ ಕೊರತೆಯನ್ನು ಅದು ತೋರಿಸಿತು, ಅಷ್ಟೆ.

ಕೊರತೆ ಹತ್ತನೇ ತರಗತಿಯಲ್ಲಿ ಹುಟ್ಟುವುದಿಲ್ಲ. ಭಿನ್ನರಾಶಿ ಬಾರದ ಮಗು ಎಂಟನೇ ತರಗತಿಗೆ ಬರುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗುತ್ತದೆ. ಗಣಿತದ ಶಿಕ್ಷಕರ ಹುದ್ದೆ ಖಾಲಿಯಾದರೆ ಅತಿಥಿ ಶಿಕ್ಷಕರು ಬರುವವರೆಗೆ ಪಾಠ ನಿಲ್ಲುತ್ತದೆ. ಇದನ್ನೆಲ್ಲ ಜನವರಿಯ ವಿಶೇಷ ತರಗತಿ ಸರಿಪಡಿಸಲಾರದು.

ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟಿದೆ. ಅದರಿಂದ ಕೊಠಡಿ ಬಂದರೆ ಸಂತೋಷ. ಶಿಕ್ಷಕರನ್ನೂ ಪ್ರಯೋಗಾಲಯವನ್ನೂ ಕೇಳುವುದು ನಮ್ಮ ಕೆಲಸ. ರಾಯಚೂರು ವಿಶ್ವವಿದ್ಯಾಲಯವೆಂದು 2021ರಲ್ಲಿ ಆರಂಭವಾದ ವಿಶ್ವವಿದ್ಯಾಲಯದ ಆವರಣ ಯರಗೇರಾದಲ್ಲೇ ಇದೆ. ಸ್ನಾತಕೋತ್ತರ ಪದವಿ ಕೊಡುವ ಊರಿನಲ್ಲಿ ಮಗುವೊಂದು ಹತ್ತನೇ ತರಗತಿಗೇ ಓದು ನಿಲ್ಲಿಸಿದರೆ ಅದು ನಮಗೆ ಶೋಭೆಯಲ್ಲ.

ಸಂಘದ ಸದಸ್ಯರಲ್ಲಿ ಮೂರು ವಿನಂತಿ. ಒಂದು, ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕೇಳಿಕೊಂಡು ಭಾನುವಾರ ಗಣಿತ, ವಿಜ್ಞಾನ, ಇಂಗ್ಲಿಷ್ ಪಾಠ ನಡೆಸೋಣ. ಅದು ಎಲ್ಲ ಜಾತಿ ಧರ್ಮದ ಮಕ್ಕಳಿಗೂ ತೆರೆದಿರಲಿ. ಎರಡು, ಎಂಟನೇ ತರಗತಿಯವರನ್ನು ಎನ್.ಎಂ.ಎಂ.ಎಸ್. ಪರೀಕ್ಷೆಗೆ ಸಿದ್ಧಪಡಿಸೋಣ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಬಡ ತಂದೆಗೆ ಅದು ಮಗಳನ್ನು ಓದಿಸುವ ಧೈರ್ಯ. ಮೂರು, ಹತ್ತಿಯ ಕಾಲದಲ್ಲಿ ಶಾಲೆಗೆ ಬಾರದ ಮಕ್ಕಳ ಮನೆಗೆ ಹೋಗಿ ಬರೋಣ.

ವಿದ್ಯಾರ್ಥಿಗಳೇ, ಒಮ್ಮೆ ನಪಾಸಾದರೆ ಬದುಕು ಮುಗಿಯಲಿಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ. ಪುಸ್ತಕ ಮಾತ್ರ ಕೈಬಿಡಬೇಡಿ.