ಲೌರಾಳ ಮನೆಯನ್ನು ನೋಡದವರ ಹಾಡು



ಬ್ಯೂನಸ್ ಐರಿಸ್‌ ಜನರ ಬಾಯಲ್ಲಿ ‘ಲೊ ದೆ ಲೌರಾ’ ಎಂದೊಂದು ಮಾತಿದೆ. ನಾವು ‘ನಿನ್ನೆ ರಾಯರಲ್ಲಿ ಊಟ’ ಅನ್ನುತ್ತೇವಲ್ಲ, ಹಾಗೆ ‘ಲೌರಾಳಲ್ಲಿ’ ಎಂದರ್ಥ. ವಿಳಾಸ ಬೇಕಿಲ್ಲ, ಒಡತಿಯ ಹೆಸರು ಸಾಕು. ದುಡ್ಡಿದ್ದವರು ರಾತ್ರಿ ಕುಣಿಯಲು ಹೋಗುತ್ತಿದ್ದ ಮನೆ ಅದು. ಮರ್ಯಾದಸ್ಥರು ಹಗಲಲ್ಲಿ ಹೆಸರೆತ್ತದಂಥದ್ದು. ಅಲ್ಲಿ ಪಿಯಾನೊ ನುಡಿಸುತ್ತಿದ್ದವನು ಆಫ್ರಿಕನ್ ಮೂಲದ ರೊಸೆಂದೊ ಮೆಂದಿಸಾಬಲ್. ಅದೇ ಊರಿನ ಪಲೆರ್ಮೊ ಬಡಾವಣೆಯಲ್ಲಿ ಹಾನ್ಸೆನ್ ಎಂಬ ಜರ್ಮನ್ನನ ಕೆಫೆಯೂ ಇತ್ತು. 1912ರಲ್ಲಿ ಅದನ್ನು ಕೆಡವಿದರು.

ಲೌರಾ, ಹಾನ್ಸೆನ್ ಎಂಬ ಈ ಎರಡೂ ಹೆಸರು 1926ರ ‘ತಿಯೆಂಪೊಸ್ ವಿಯೆಹೊಸ್’ ಎಂಬ ಟ್ಯಾಂಗೊ ಹಾಡಿನಲ್ಲಿ ಬರುತ್ತವೆ. ಸಂಗೀತ ಫ್ರಾನ್ಸಿಸ್ಕೊ ಕನಾರೊನದು, ಸಾಹಿತ್ಯ ಮಾನುಯೆಲ್ ರೊಮೆರೊನದು. ಹಾಡುವವನು ಹಲ್ಲುದುರಿದ ಮುದುಕನ ಧಾಟಿಯಲ್ಲಿ ಹಳೆಯ ಗೆಳೆಯನೊಡನೆ ಹಳಹಳಿಸುತ್ತಾನೆ. ಬರೆದ ರೊಮೆರೊಗೆ ಆಗ ಮೂವತ್ತೈದರ ಆಸುಪಾಸು!

ಗೀತರಚನಕಾರ ಎನ್ರಿಕೆ ಕದಿಕಾಮೊ ಇನ್ನೂ ಒಂದು ಹೆಜ್ಜೆ ಮುಂದೆ. ಅವನು ಹುಟ್ಟಿದ್ದೇ 1900ರಲ್ಲಿ. ಲೌರಾಳ ಮನೆಯ ವೈಭವದ ದಿನಗಳಲ್ಲಿ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಆದರೂ ಅವನ ‘ಎನ್ ಲೊ ದೆ ಲೌರಾ’ ಹಾಡಿನ ನಾಯಕ ಅಲ್ಲೇ ಕುಣಿದು ಹೆಸರು ಮಾಡಿದವನ ಗತ್ತಿನಲ್ಲಿ ಮಾತಾಡುತ್ತಾನೆ. 1943ರಲ್ಲಿ ದಗೊಸ್ತಿನೊ ವಾದ್ಯವೃಂದದೊಂದಿಗೆ ಆಂಹೆಲ್ ವಾರ್ಗಾಸ್ ಇದನ್ನು ಹಾಡಿದ. ಅದನ್ನು ಕೇಳುತ್ತ ಕುಣಿದವರಲ್ಲಿ ಲೌರಾಳ ಹೊಸಿಲು ದಾಟಿದವರು ಎಷ್ಟು ಮಂದಿ ಇದ್ದಾರು? ಈ ಕಾಣದ ನೆನಪನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಅಜ್ಜ ಹೇಳಿದ ಜಾತ್ರೆ ಮೊಮ್ಮಗನಿಗೆ ಸ್ವಂತ ನೆನಪಾಗಿಬಿಡುವುದುಂಟು.

‘ಕೆಫೆ ದೆ ಲೊಸ್ ಆಂಹೆಲಿತೊಸ್’ನ ಕಥೆ ಇದಕ್ಕೆ ತಿರುಗುಮುರುಗು. ಹೆಸರಿನ ಅರ್ಥ ಪುಟ್ಟ ದೇವದೂತರ ಕೆಫೆ. ಅಲ್ಲಿನ ಪುಂಡರನ್ನು ಕಂಡ ಪೊಲೀಸ್ ಅಧಿಕಾರಿಯೊಬ್ಬ ವ್ಯಂಗ್ಯವಾಗಿ ಇಟ್ಟದ್ದೆಂದು ಪ್ರತೀತಿ. ಕಾತುಲೊ ಕಾಸ್ತಿಯೊ 1944ರಲ್ಲಿ ಅದಕ್ಕೆ ವಿದಾಯದ ಹಾಡು ಬರೆದಾಗ ಕೆಫೆ ಮುಚ್ಚಿರಲಿಲ್ಲ, ಕಾಫಿ ಕೊಡುತ್ತಲೇ ಇತ್ತು. ಹೋದವರು ಗಿರಾಕಿಗಳು: ಗಬಿನೊ, ಬೆತಿನೊತಿಯಂಥ ಆಶುಕವಿಗಳು. ಜತೆಗೂಡಿ ರಾಗ ಹಾಕಿದವನು ಹೊಸೆ ರಸಾನೊ, ಅದೇ ಕೆಫೆಯಲ್ಲಿ ಗಾಯಕ ಕಾರ್ಲೊಸ್ ಗಾರ್ದೆಲ್‌ನ ಜೋಡಿಯಾಗಿ ಓಡಾಡಿದವನು. ಗಾರ್ದೆಲ್ 1935ರ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಮೇಜು ಅಲ್ಲೇ ಇತ್ತು, ಎದುರಿನ ಕುರ್ಚಿ ಖಾಲಿ. ಕೆಫೆಗೆ ಬೀಗ ಬಿದ್ದದ್ದು 1990ರ ದಶಕದಲ್ಲಿ. 2007ರಲ್ಲಿ ಮತ್ತೆ ಕಟ್ಟಿ ತೆರೆದರು. ಕಟ್ಟಿದವರು ಹಳೆಯ ಗೋಡೆಗಿಂತ ಹಾಡನ್ನೇ ನಕ್ಷೆಯಾಗಿ ಹಿಡಿದಿದ್ದರೇನೋ ಎಂಬ ಅನುಮಾನ ನನ್ನದು.

ಕದಿಕಾಮೊ ನಿಜಕ್ಕೂ ಕಂಡು ಕಳೆದುಕೊಂಡದ್ದು ಪರಾನಾ ಬೀದಿಯ ಶಾಂತೆಕ್ಲೇರ್ ಕ್ಯಾಬರೆಯನ್ನು. ಹ್ವಾನ್ ದರಿಯೆನ್ಸೊ ವಾದ್ಯವೃಂದ ವರ್ಷಗಟ್ಟಲೆ ನುಡಿಸಿದ ಜಾಗ ಅದು. 1958ರ ವಿದಾಯಗೀತೆ ‘ಆದಿಯೊಸ್ ಶಾಂತೆಕ್ಲೇರ್’ಗೆ ಮಾತೂ ರಾಗವೂ ಕದಿಕಾಮೊನವೇ, ಧ್ವನಿಮುದ್ರಿಸಿದವರಲ್ಲಿ ದರಿಯೆನ್ಸೊನೂ ಒಬ್ಬ. ಅಂದರೆ ಮನೆಯ ಆಳೇ ಮನೆಗೆ ಹೆಗಲು ಕೊಟ್ಟಂತೆ. ಆದರೆ ಅವನ ತಾಳ ಯಾರ ಸಾವಿಗೂ ನಿಧಾನವಾಗುವುದಲ್ಲ. ಗಾಯಕ ವಿದಾಯ ಹೇಳುತ್ತಿದ್ದರೂ ಪಿಯಾನೊ, ಬಂದೊನಿಯಾನ್‌ಗಳು ಕಾಲನ್ನು ಕುಣಿಸುತ್ತಲೇ ಇರುತ್ತವೆ.

ನನ್ನ ವಿವರಣೆ ಸಾಕು. ಧ್ವನಿವರ್ಧಕದವರು ದಯವಿಟ್ಟು ‘ಆದಿಯೊಸ್ ಶಾಂತೆಕ್ಲೇರ್’ ಹಾಕಿ, ಸುಮಾರು ಮೂರು ನಿಮಿಷ. ಟ್ಯಾಂಗೊ ಮುಗಿಯುವಾಗ ಎರಡು ಪೆಟ್ಟು ಬೀಳುತ್ತದೆ, ಅಲ್ಲಿಯವರು ಅದನ್ನು ‘ಚಾನ್-ಚಾನ್’ ಅನ್ನುತ್ತಾರೆ. ಅದು ಕೇಳುವವರೆಗೆ ಯಾರೂ ಏಳಬೇಡಿ.