ನೀರಿನ ಸರದಿ

(ವೈಟ್‌ಫೀಲ್ಡ್ ಪರಿಸರದ ಮಸೀದಿಯೊಂದರಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)



ಸಮೂದ್ ಜನಾಂಗದ ಕಥೆ ನಮಗೆಲ್ಲ ಗೊತ್ತು. ಬಂಡೆ ಕೊರೆದು ಮನೆ ಮಾಡಿಕೊಂಡ ನಿಪುಣರು ಅವರು; ಆ ಕಾಲದ ಇಂಜಿನಿಯರುಗಳು ಎಂದರೂ ತಪ್ಪಿಲ್ಲ. ಪ್ರವಾದಿ ಸಾಲಿಹ್(ಅ)ರ ಮೂಲಕ ಅಲ್ಲಾಹನು ಅವರನ್ನು ಪರೀಕ್ಷಿಸಿದ್ದು ನೀರಿನಿಂದ. ಒಂದು ದಿನ ಒಂಟೆಯ ಸರದಿ, ಇನ್ನೊಂದು ದಿನ ಅವರ ಸರದಿ ಎಂದು ಗೊತ್ತುಪಡಿಸಲಾಯಿತು. ಅಶ್ಶುಅರಾ ಮತ್ತು ಅಲ್‌ಕಮರ್ ಅಧ್ಯಾಯಗಳಲ್ಲಿ ಇದನ್ನು ಓದುತ್ತೇವೆ. ಅವರ ಪಾಲಿನ ನೀರನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಆದರೂ ಇನ್ನೊಂದು ಜೀವ ಕುಡಿಯುವುದನ್ನು ಸಹಿಸಲಾರದೆ ಒಂಟೆಯನ್ನು ಕೊಂದರು.

2024ರ ಬೇಸಿಗೆಯನ್ನು ನೆನಪಿಸಿಕೊಳ್ಳೋಣ. ಬೆಂಗಳೂರಿನ 13,900 ಸರಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂ. ದಂಡ ಬಂತು. ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು: 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂ. ಅಂದರೆ ಲೀಟರ್‌ಗೆ 10 ಪೈಸೆ. ಅದೇ ದಿನಗಳಲ್ಲಿ ಶೆಡ್ಡಿನಲ್ಲಿರುವ ತಾಯಿ ನೀರಿನ ಘಟಕದ ಮುಂದೆ ನಿಂತು 20 ಲೀಟರ್ ಕ್ಯಾನಿಗೆ 5 ರೂ. ಕೊಟ್ಟಳು. ಲೀಟರ್‌ಗೆ 25 ಪೈಸೆ! ಶುದ್ಧೀಕರಿಸಿದ ನೀರು ಹೌದು, ಆದರೆ ಎರಡನೇ ಕ್ಯಾನ್ ಸಿಗುವ ಭರವಸೆಯೂ ಅವಳಿಗಿರಲಿಲ್ಲ.

'ನನ್ನ ಜಾಗ, ನನ್ನ ದುಡ್ಡು, ನನ್ನ ಬೋರ್' ಎನ್ನುತ್ತೇವೆ. ನೆಲದಡಿಯ ನೀರಿಗೆ ಕಾಂಪೌಂಡ್ ಗೊತ್ತಿಲ್ಲ. ಹಣವಿದ್ದವರು ಇನ್ನೂ ಆಳಕ್ಕೆ ಕೊರೆಸಿದರೆ ಪಕ್ಕದ ಬಡವನ ಬೋರ್ ಬತ್ತಬಹುದು. ನೀರು, ಮೇವು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ತನ್ನಲ್ಲಿ ಹೆಚ್ಚುವರಿ ನೀರಿದ್ದೂ ದಾರಿಹೋಕನಿಗೆ ಕೊಡದವನ ಕಡೆಗೆ ಅಂತ್ಯದಿನ ಅಲ್ಲಾಹನು ನೋಡುವುದೂ ಇಲ್ಲ ಎಂಬ ಎಚ್ಚರಿಕೆ ಬುಖಾರಿಯಲ್ಲಿದೆ.

ನಮ್ಮ ಸಾಲಿನಲ್ಲೇ ಟ್ಯಾಂಕರ್ ಮಾಲೀಕರಿದ್ದಾರೆ, ಚಾಲಕರಿದ್ದಾರೆ. ನಿಮ್ಮ ದುಡಿಮೆಯನ್ನು ನಾವು ಹರಾಮ್ ಎನ್ನುತ್ತಿಲ್ಲ. ಡೀಸೆಲ್, ಸಂಬಳ, ನ್ಯಾಯವಾದ ಲಾಭ ಎಲ್ಲವೂ ನಿಮಗೆ ಸಲ್ಲಬೇಕು. ಆದರೆ ಎದುರಿನವರ ಬಾಯಾರಿಕೆ ನೋಡಿ ದರ ಏರಿಸಿದಾಗ ಆ ಹೆಚ್ಚಿನ ಹಣ ಯಾವ ದುಡಿಮೆಯದು? ಮದೀನಾದಲ್ಲಿ ರೂಮಾ ಬಾವಿಯ ನೀರನ್ನು ಮಾರುತ್ತಿದ್ದಾಗ ಹಝ್ರತ್ ಉಸ್ಮಾನ್(ರ)ರು ಆ ಬಾವಿಯನ್ನೇ ಖರೀದಿಸಿ ಜನರಿಗೆ ಬಿಟ್ಟುಕೊಟ್ಟರು. ಅವರೂ ವ್ಯಾಪಾರಿಯೇ.

ಅಪಾರ್ಟ್‌ಮೆಂಟಿನಲ್ಲಿರುವ ಸಹೋದರರೂ ಯೋಚಿಸಲಿ. ಬಿಲ್ ಕಟ್ಟಿದ ಮಾತ್ರಕ್ಕೆ ಹರಿಯಬಿಡುವ ಹಕ್ಕು ಬರುವುದಿಲ್ಲ. ಪ್ರವಾದಿ(ಸ)ರು ವುಝೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಲ್ಲಿ, ಸರಿಸುಮಾರು ಮುಕ್ಕಾಲು ಲೀಟರ್. ನಮ್ಮ ಹೌಝ್‌ನ ನಲ್ಲಿಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ಅಲ್‌ಹಮ್ದುಲಿಲ್ಲಾಹ್. ಆದರೆ ಸಂಪರ್ಕ ಪಡೆಯಲು ದಾಖಲೆ ಬೇಕು, ಹಣ ಕಟ್ಟಬೇಕು. ನಮ್ಮ ಕಟ್ಟಡಗಳನ್ನು ಕಟ್ಟಿದ, ಕಚೇರಿಗಳನ್ನು ಗುಡಿಸುವ ಶೆಡ್ಡಿನ ಕುಟುಂಬಗಳು ಆ ಎರಡನ್ನೂ ಎಲ್ಲಿಂದ ತರಬೇಕು?

ಆದ್ದರಿಂದ ಜಮಾಅತಿನ ಮುಂದೆ ಎರಡು ವಿಷಯ ಇಡುತ್ತಿದ್ದೇವೆ. ವುಝೂ ನೀರು ಇನ್ನು ಚರಂಡಿಗೆ ಹೋಗದೆ ಇಂಗುಗುಂಡಿಗೆ ಹೋಗಬೇಕು. ಮಸೀದಿಯ ಹೊರಗೋಡೆಗೆ, ರಸ್ತೆಯ ಕಡೆಗೆ, ಒಂದು ನಲ್ಲಿ ಹಾಕಬೇಕು. ಬಿಂದಿಗೆ ತಂದವರ ಹೆಸರು, ಊರು, ಧರ್ಮ ಯಾರೂ ಕೇಳಬಾರದು. ಖರ್ಚಿನ ಲೆಕ್ಕವನ್ನು ಇಂದು ಅಸರ್ ನಮಾಝಿನ ನಂತರ ಮಾತಾಡೋಣ. ಟ್ಯಾಂಕರ್ ಮಾಲೀಕರು ದಯವಿಟ್ಟು ಉಳಿದುಕೊಳ್ಳಿ.